ಕಾಲು, ವೀಸ, ಕಾಣಿ: ಗಡಿನಾಡಿನ ಮಕ್ಕಳು ಹಣದ ಲೆಕ್ಕ ಕಲಿತ ಬಗೆ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಕುರಿತು ಮದರಾಸಿನ ಕಂದಾಯ ಮಂಡಳಿಗೆ ಒಂದು ವರದಿ ಕಳುಹಿಸಿದನು. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಆರಂಭಿಸಿದ್ದ ವಿಚಾರಣೆಗೆ ಅದು ಉತ್ತರ. ಧರ್ಮಪಾಲರು ಈ ವರದಿಗಳನ್ನೆಲ್ಲ ಸಂಕಲಿಸಿ 1983ರಲ್ಲಿ ಪ್ರಕಟಿಸಿದ ಮೇಲೆ ಕ್ಯಾಂಪ್‌ಬೆಲ್‌ನ ಬರಹ ಶಿಕ್ಷಣದ ಚರಿತ್ರೆಕಾರರಿಗೆ ಚಿರಪರಿಚಿತವಾಗಿದೆ. ಆದರೆ ಅದನ್ನು ಗಡಿನಾಡಿನ ದಾಖಲೆಯಾಗಿ ಓದಿದವರು ಕಡಿಮೆ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದು ಆಂಧ್ರಪ್ರದೇಶದಲ್ಲಿರುವ ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಸೀಮೆಗಳೂ ಸೇರಿದ್ದವು. ಆತ ಎಣಿಸಿದ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಒಂದೇ ಒಂದು ಇಂಗ್ಲಿಷ್ ಶಾಲೆ. ಕನ್ನಡ ಮತ್ತು ತೆಲುಗು ಹೀಗೆ ಹೆಚ್ಚುಕಡಿಮೆ ಸರಿಸಮನಾಗಿ ನಿಂತಿದ್ದ ಒಂದು ಪ್ರದೇಶದಲ್ಲಿ ಐದು ವರ್ಷದ ಮಗುವಿಗೆ ಏನನ್ನು, ಎಷ್ಟು ಖರ್ಚಿನಲ್ಲಿ ಕಲಿಸುತ್ತಿದ್ದರು ಎಂಬುದಕ್ಕೆ ಇಷ್ಟು ವಿವರವಾದ ಇನ್ನೊಂದು ಸಾಕ್ಷ್ಯ ಆ ಕಾಲದಿಂದ ಸಿಗುವುದು ಅಪರೂಪ.

ಖರ್ಚಿನ ಮಾತು ಇಲ್ಲಿ ಆಕಸ್ಮಿಕವಲ್ಲ. ಈ ಶಾಲೆಗಳಲ್ಲಿ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿಕೊಂಡ ಸಂಗತಿಗಳು ಎರಡು. ಮುಂದಿನ ಹಂತದ ಹುಡುಗರು ಹಿಂದಿನವರಿಗೆ ಪಾಠ ಹೇಳುವ ಪದ್ಧತಿ ಒಂದು; ಬರವಣಿಗೆಯನ್ನು ಕಲಿಸುವುದರಲ್ಲಿದ್ದ ಮಿತವ್ಯಯ ಇನ್ನೊಂದು. ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮರಳಿಗೆ ಕಾಸು ಬೇಕಿಲ್ಲ. ಕೈಯಾಡಿಸಿದರೆ ಮತ್ತೆ ಹೊಸ ಹಾಳೆ. ಆಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಪಟ್ಟಿ; ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿಯ ಲೇಪ. ಕಡತವೆಂದರೆ ಗಂಜಿ ಹಾಕಿ ಬಿಗಿಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಬಳಿದದ್ದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರೆಸಬಹುದಿತ್ತು. ಒಲೆಯ ಇದ್ದಿಲು, ಪಾತ್ರೆಯ ತಳದ ಅನ್ನ, ಹಳೆಯ ಬಟ್ಟೆ – ಮನೆಯಲ್ಲಿ ಮಿಕ್ಕಿದ್ದೇ ಪಾಠೋಪಕರಣ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಸಲ್ಲುತ್ತಿರುವ ‘ಕಡತ’ ಎಂಬ ಹೆಸರು ಒಂದು ಕಾಲಕ್ಕೆ ಶಾಲಾ ಹುಡುಗನ ಕಂಕುಳಲ್ಲೂ ವರ್ತಕನ ಗದ್ದುಗೆಯ ಪಕ್ಕದಲ್ಲೂ ಇದ್ದ ಈ ಕಪ್ಪು ಬಟ್ಟೆಯದು. ಲೆಕ್ಕ ಕಲಿಯುವ ವಸ್ತು ಮತ್ತು ಲೆಕ್ಕ ಇಡುವ ವಸ್ತು ಒಂದೇ ಆಗಿತ್ತೆಂಬುದು ಗಮನಾರ್ಹ.

ಅಕ್ಷರ, ಕಾಗುಣಿತ, ಒತ್ತಕ್ಷರ, ಊರು–ಜನ–ಪ್ರಾಣಿಗಳ ಹೆಸರುಗಳು ಮುಗಿದ ಕೂಡಲೇ ಅಂಕಿ ಬರುತ್ತಿತ್ತು. ಅಂಕಿಯ ಹಿಂದೆಯೇ ಹಣ. ಒಂದರಿಂದ ನೂರರವರೆಗೆ ಎಣಿಸಲು ಕಲಿತ ಹುಡುಗನಿಗೆ ಕೊಡುತ್ತಿದ್ದ ಮೊದಲ ಲೆಕ್ಕಗಳೇ ಹಣದ ಕೂಡುವಿಕೆ ಮತ್ತು ಕಳೆಯುವಿಕೆ. ಅನಂತರ ಗುಣಾಕಾರ, ನಾಣ್ಯ ಮತ್ತು ಅಳತೆಗಳ ಪರಿವರ್ತನೆ. ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕುತ್ತಿದ್ದುದು ಭಿನ್ನರಾಶಿಗಳ ಮೇಲೆ. ಈ ಭಿನ್ನಗಳು ಯುರೋಪಿನ ದಶಮಾಂಶದಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತವೆ, ಬಹು ಆಳದವರೆಗೆ ಇಳಿಯುತ್ತವೆ ಎಂದು ಕ್ಯಾಂಪ್‌ಬೆಲ್ ವಿಶೇಷವಾಗಿ ಗುರುತಿಸಿದ್ದಾನೆ. ದಿನಕ್ಕೆ ಎರಡು ಬಾರಿ ಮಕ್ಕಳು ಸಾಲಾಗಿ ನಿಂತು ಈ ಕೋಷ್ಟಕಗಳನ್ನೂ ಧಾನ್ಯದ ಅಳತೆ, ತೂಕ, ಉದ್ದ ಎಂಬ ಮೂರು ಬಗೆಯ ಮಾನಗಳನ್ನೂ ಒಬ್ಬ ಹಿರಿಯ ಹುಡುಗನ ಹಿಂದೆ ಹೇಳುತ್ತಿದ್ದರು.

ನಾಲ್ಕರ ಈ ಇಳಿತವನ್ನು ಬಿಡಿಸಿ ನೋಡಬೇಕು. ಒಂದರ ನಾಲ್ಕನೆಯ ಭಾಗ ಕಾಲು. ಕಾಲಿನ ಕಾಲು ವೀಸ, ಅಂದರೆ ಹದಿನಾರನೆಯ ಒಂದು. ವೀಸದ ಕಾಲು ಕಾಣಿ, ಅಂದರೆ ಅರವತ್ತನಾಲ್ಕನೆಯ ಒಂದು. ನಡುವೆ ಅರೆ, ಮುಕ್ಕಾಲು, ಅರೆಕಾಲುಗಳು. ಹಣವೆಂಬ ನಾಣ್ಯದ ಕಾಲುಭಾಗಕ್ಕೆ ಹಾಗ ಎಂಬ ಹೆಸರು ಶಾಸನಗಳ ಕಾಲದಿಂದಲೂ ಇದೆ. ಹತ್ತರ ಪದ್ಧತಿಯಲ್ಲಿ ಬೆಳೆದ ಕಣ್ಣಿಗೆ ಇದು ತೊಡಕಾಗಿ ಕಾಣುವುದು ಸಹಜ. ಆದರೆ ಸಂತೆಯಲ್ಲಿ ಇದಕ್ಕಿಂತ ಸರಳವಾದದ್ದಿಲ್ಲ. ಯಾವುದೇ ರಾಶಿಯನ್ನು ಕಣ್ಣಳತೆಯಲ್ಲಿ ಅರ್ಧ ಮಾಡಬಹುದು, ಅರ್ಧವನ್ನು ಮತ್ತೆ ಅರ್ಧ ಮಾಡಬಹುದು. ಐದು ಪಾಲು ಮಾಡಲು ಬಾರದು. ಬೆಲೆಯನ್ನೂ ಅದೇ ರೀತಿ ಒಡೆದರೆ ಸೇರಿಗೆ ಇಷ್ಟು ಎಂದು ತಿಳಿದವನಿಗೆ ಕಾಲು ಸೇರಿನ ಬೆಲೆ ಹೇಳಲು ಕಾಗದ ಬೇಕಿಲ್ಲ. 1835ರಲ್ಲಿ ಕಂಪನಿ ಸರ್ಕಾರ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ತೂಕದ ರೂಪಾಯಿಯನ್ನು ತಂದಾಗ ಈ ಲೆಕ್ಕಕ್ಕೆ ಧಕ್ಕೆಯಾಗಲಿಲ್ಲ. ಬದಲಿಗೆ ಬಲ ಬಂತು. ಹದಿನಾರು ಆಣೆಯ ರೂಪಾಯಿಯಲ್ಲಿ ಆಣೆಯೆಂದರೆ ವೀಸ. ಅರವತ್ತನಾಲ್ಕು ಪೈಸೆಯ ರೂಪಾಯಿಯಲ್ಲಿ ಪೈಸೆಯೆಂದರೆ ಕಾಣಿ. ತೆಲುಗಿನಲ್ಲಿ ಕಾಲಾಣೆಯ ನಾಣ್ಯಕ್ಕೆ ‘ಕಾಣೀ’ ಎಂಬ ಹೆಸರೇ ನಿಂತುಬಿಟ್ಟಿತು. ಸಾಲದ್ದಕ್ಕೆ, ಒಂದು ರೂಪಾಯಿಯ ನಾಣ್ಯ ಒಂದು ತೊಲ ತೂಗುತ್ತಿತ್ತು. ಮದರಾಸು ಮತ್ತು ಮೈಸೂರು ಸೀಮೆಯ ಕಚ್ಚಾ ಸೇರು ಇಪ್ಪತ್ತನಾಲ್ಕು ತೊಲ, ಪಕ್ಕಾ ಸೇರು ಎಂಬತ್ತು ತೊಲ. ನಾಣ್ಯವೇ ತೂಕದ ಕಲ್ಲೂ ಆಗಿದ್ದ ಕಾಲದಲ್ಲಿ ಹಣದ ಪಾಠ, ತೂಕದ ಪಾಠ ಬೇರೆಬೇರೆಯಾಗಿರಲಿಲ್ಲ.

ಗಡಿಯ ಮಗುವಿಗೆ ಕಷ್ಟ ಬಂದದ್ದು ಬೇರೆ ಕಡೆಯಿಂದ. ಪದ ಒಂದೇ, ಬೆಲೆ ಬೇರೆ. ಅಥವಾ ನಾಣ್ಯ ಒಂದೇ, ಹೆಸರು ಬೇರೆ. ಕನ್ನಡ, ತೆಲುಗುಗಳಲ್ಲಿ ಕಾಣಿ ಅರವತ್ತನಾಲ್ಕನೆಯ ಒಂದು ಭಾಗ. ತಮಿಳಿನ ‘ಎಣ್ ಚುವಡಿ’ಯಲ್ಲಿ ಅದೇ ಕಾಣಿ ಎಂಬತ್ತನೆಯ ಒಂದು ಭಾಗ, ಏಕೆಂದರೆ ತಮಿಳು ಲೆಕ್ಕದಲ್ಲಿ ನಾಲ್ಕರ ಜೊತೆಗೆ ಇಪ್ಪತ್ತರ ಒಂದು ಸಾಲೂ ಇದೆ: ಇಪ್ಪತ್ತನೆಯ ಒಂದು ‘ಮಾ’, ಅದರ ಕಾಲು ‘ಕಾಣಿ’. ಹೊಸೂರಿನಲ್ಲೋ ತಾಳವಾಡಿಯಲ್ಲೋ ಮನೆಯಲ್ಲಿ ಕನ್ನಡದ ಕಾಣಿಯನ್ನು ಕೇಳಿ, ತಿಣ್ಣೈ ಶಾಲೆಯ ಜಗಲಿಯ ಮೇಲೆ ತಮಿಳು ಕಾಣಿಯನ್ನು ಬಾಯಿಪಾಠ ಮಾಡಬೇಕಾದ ಹುಡುಗನಿಗೆ ಈ ಎರಡೂ ಒಂದೇ ಅಲ್ಲ ಎಂಬುದು ಮೊದಲು ತಿಳಿಯಬೇಕಿತ್ತು. ವ್ಯತ್ಯಾಸ ಅತ್ಯಲ್ಪ. ಆದರೆ ವ್ಯಾಪಾರದ ಲಾಭ ಕುಳಿತಿರುವುದು ಅಂಥ ಅಲ್ಪದಲ್ಲಿಯೇ.

ಮಡಕಶಿರಾ ಸೀಮೆಯದು ಇನ್ನೊಂದು ಬಗೆ. ಮೂರು ಬದಿಗೆ ಮೈಸೂರು ರಾಜ್ಯ ಹಬ್ಬಿದ್ದ ಆ ನೆಲದಲ್ಲಿ ಕಂದಾಯದ ಹಣ ಮದರಾಸಿನದಾದರೂ ಸಂತೆಯ ಬಾಯಲ್ಲಿ ಮೈಸೂರಿನ ಹಣ ಓಡಾಡುತ್ತಿತ್ತು. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರು ಹೊತ್ತ ಕಂಠೀರಾಯಿ ಹಣ ಹತ್ತಕ್ಕೆ ಒಂದು ಕಂಠೀರಾಯಿ ವರಹ. ಕಂಪನಿಯ ರೂಪಾಯಿಗೆ ಹೊಂದಿಸಿದಾಗ ಈ ಹಣದ ಬೆಲೆ ನಾಲ್ಕಾಣೆ ಎಂಟು ಪೈ. ವರಹ ಎರಡು ರೂಪಾಯಿ ಹದಿನಾಲ್ಕಾಣೆ ಎಂಟು ಪೈ. ಅಚ್ಚುಕಟ್ಟಾದ ನಾಲ್ಕರ ಲೆಕ್ಕದೊಳಗೆ ಹತ್ತರ ಒಂದು ಮೆಟ್ಟಿಲು, ಹನ್ನೆರಡರ ಇನ್ನೊಂದು ಮೆಟ್ಟಿಲು ಬಂದು ಸೇರಿದರೆ ಹೇಗಿರುತ್ತದೆಂಬುದನ್ನು ಈ ಅಂಕಿಗಳೇ ತೋರುತ್ತವೆ.

ಎಲ್ಲಕ್ಕಿಂತ ತೀವ್ರವಾಗಿ ಇದನ್ನು ಅನುಭವಿಸಿದ್ದು ಸೊಲ್ಲಾಪುರ, ಅಕ್ಕಲಕೋಟೆ ಮತ್ತು ಅವುಗಳ ಪೂರ್ವದ ನಿಜಾಮ ಸೀಮೆ. ಇಲ್ಲಿ ಗಡಿಯ ಈಚೆ ಬ್ರಿಟಿಷ್ ರೂಪಾಯಿ, ಜನರ ಮಾತಿನಲ್ಲಿ ಕಲ್ದಾರ್; ಆಚೆ ಹೈದರಾಬಾದಿನ ಹಾಲಿ ಸಿಕ್ಕಾ. ಎರಡೂ ರೂಪಾಯಿಯೇ, ಎರಡಕ್ಕೂ ಹದಿನಾರಾಣೆಯೇ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರವಾಗಿ ನಿಂತ ದರದಂತೆ ನೂರು ಕಲ್ದಾರಿಗೆ ನೂರ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಸುಲಭಮಾಡಿ ಹೇಳುವುದಾದರೆ ಆರು ಕಲ್ದಾರಿಗೆ ಏಳು ಹಾಲಿ. ಏಳನ್ನು ನಾಲ್ಕರಿಂದ ಒಡೆಯಲಾಗದು. ಕಾಲು, ವೀಸ, ಕಾಣಿಗಳನ್ನು ಎಷ್ಟೇ ನಿರರ್ಗಳವಾಗಿ ಒಪ್ಪಿಸುವ ಹುಡುಗನಾದರೂ ಇಲ್ಲಿ ಬಂದು ಮುಗ್ಗರಿಸಬೇಕು. ಸೊಲ್ಲಾಪುರದ ಪೇಟೆಗೆ ಕಲಬುರಗಿ ಕಡೆಯಿಂದ ಜೋಳವೋ ಶೇಂಗಾವೋ ತಂದ ರೈತನ ಎದುರಿಗೆ ಬೆಲೆಯನ್ನು ಯಾವ ರೂಪಾಯಿಯಲ್ಲಿ ಹೇಳಲಾಗುತ್ತಿದೆಯೆಂಬುದೇ ಮೊದಲ ಪ್ರಶ್ನೆ. ವಟ್ಟದ ಹೆಸರಿನಲ್ಲಿ ಎಷ್ಟು ಕಳೆಯಲಾಗುತ್ತದೆಂಬುದು ಎರಡನೆಯದು. ಈ ಲೆಕ್ಕ ಯಾವ ಪಠ್ಯಪುಸ್ತಕದ ಮುಖ್ಯ ಪಾಠವೂ ಆಗಿರಲಿಲ್ಲ. ಅದನ್ನು ಮಕ್ಕಳು ಕಲಿತದ್ದು ಅಂಗಡಿಯ ಕಟ್ಟೆಯ ಮೇಲೆ, ದೊಡ್ಡವರ ಚೌಕಾಸಿಯನ್ನು ಕೇಳುತ್ತ. ಮರಾಠಿ ಶಾಲೆಗೆ ಸೇರಿದವರು ಅಲ್ಲಿ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ, ಅಡೀಚಕಿ ಎಂದು ಮಗ್ಗಿ ಹೇಳಿ, ಮನೆಗೆ ಬಂದು ಅದನ್ನೇ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ ಎಂದು ತಿರುಗಿಸಿಕೊಳ್ಳಬೇಕಿತ್ತು. ಹಣ ಎರಡು, ಭಾಷೆ ಎರಡು. ದ್ವಿಭಾಷಿಕತೆಯ ಅಧ್ಯಯನಗಳಲ್ಲಿ ಅಂಕಿಯ ಈ ಅನುವಾದಕ್ಕೆ ಇನ್ನೂ ತಕ್ಕ ಜಾಗ ದೊರೆತಿಲ್ಲವೆಂದೇ ಹೇಳಬೇಕು.

ಈ ಕಲಿಕೆಯಿಂದ ಏನು ಪ್ರಯೋಜನವಾಗುತ್ತಿತ್ತು ಎಂಬುದಕ್ಕಿಂತ, ಅದು ಇಲ್ಲದವರಿಗೆ ಏನಾಗುತ್ತಿತ್ತು ಎಂದು ಕೇಳುವುದು ಮೇಲು. ಕ್ಯಾಂಪ್‌ಬೆಲ್ಲನ ಶಾಲೆಗಳಲ್ಲಿ ಲೆಕ್ಕದ ನಂತರದ ಪಾಠ ಬೇರೆಬೇರೆ ಕೈಬರಹಗಳನ್ನು ಓದುವುದು. ಐಗಳು ಎಲ್ಲೆಲ್ಲಿಂದಲೋ ಸಂಗ್ರಹಿಸಿ ತಂದ ಹಳೆಯ ಕಾಗದಪತ್ರಗಳನ್ನು ಹುಡುಗರಿಂದ ಬಿಡಿಸಿ ಓದಿಸುತ್ತಿದ್ದರು. ಕರಾರುಪತ್ರ ಬರೆಯುವ ರೀತಿಯನ್ನೂ ಹೇಳಿಕೊಡುತ್ತಿದ್ದರು. ಅಂದರೆ ಹನ್ನೆರಡು ವರ್ಷದೊಳಗಿನ ಒಬ್ಬ ಹುಡುಗ ಸಾಲದ ಪತ್ರದ ಒಕ್ಕಣೆಯನ್ನು ಬಲ್ಲವನಾಗಿರಬಹುದಿತ್ತು. ಆದರೆ ಅಂಥ ಹುಡುಗರು ಎಷ್ಟು ಜನ? ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನಸಂಖ್ಯೆಯ ಜಿಲ್ಲೆಯಲ್ಲಿ 6,641 ಮಂದಿ. ಸುಮಾರು ನೂರ ನಲವತ್ತಕ್ಕೆ ಒಬ್ಬರು. ಹುಡುಗಿಯರು 60. ಮನೆಯಲ್ಲೇ ಕಲಿತವರನ್ನು ಈ ಎಣಿಕೆ ಹಿಡಿದಿಲ್ಲವೆಂಬುದನ್ನು ಒಪ್ಪಿದರೂ, ಹೊಲದ ಕೂಲಿಯವರ, ಅಸ್ಪೃಶ್ಯರೆನಿಸಿದವರ ಮನೆಗಳಿಗೆ ಈ ಕಡತ ಹೋಗಿರಲಿಲ್ಲವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾಲುಮಗ್ಗಿ, ಅರೆಮಗ್ಗಿಗಳ ಹಳೆಯ ವೈಭವವನ್ನು ಕೊಂಡಾಡುವ ಇಂದಿನ ಬರಹಗಳು ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಕ್ಯಾಂಪ್‌ಬೆಲ್ ಕೂಡ ಅಲ್ಲಿ ನಿಂತಿದ್ದಾನೆ. ಶಾಲೆಗಳು ಇಳಿಮುಖವಾಗಿರುವುದಕ್ಕೆ ನಾಡಿನ ಬಡತನ ಹೆಚ್ಚುತ್ತಿರುವುದೇ ಕಾರಣವೆಂದು ಅವನು ಬರೆದನು: ಯುರೋಪಿನ ಬಟ್ಟೆಯ ಆಮದಿನಿಂದ ನೇಕಾರರು ಕೆಟ್ಟಿದ್ದಾರೆ, ಮಧ್ಯಮ ಮತ್ತು ಕೆಳವರ್ಗದ ತಂದೆತಾಯಂದಿರಿಗೆ ಮಕ್ಕಳ ಓದಿನ ಖರ್ಚು ಭರಿಸಲಾಗುತ್ತಿಲ್ಲ, ಮಗುವಿನ ಕೈಗೆ ಸ್ವಲ್ಪ ಬಲ ಬರುತ್ತಲೇ ಅದರ ದುಡಿಮೆ ಮನೆಗೆ ಬೇಕಾಗುತ್ತದೆ. ಶಿಕ್ಷಕನ ಸಂಪಾದನೆಯಾದರೂ ತಿಂಗಳಿಗೆ ಆರೇಳು ರೂಪಾಯಿ ಮೀರುತ್ತಿರಲಿಲ್ಲ. ಮೈಸೂರಿನ ಕಡೆ ಇಂಥ ಶಾಲೆಗಳಿಗೆ ಕೂಲಿಮಠವೆಂಬ ಹೆಸರೇ ಇತ್ತು. ಮಿತವ್ಯಯವೂ ಅಭಾವವೂ ಬೇರೆಬೇರೆಯೆಂಬುದನ್ನು ಈ ವರದಿ ಒಂದೇ ಉಸಿರಿನಲ್ಲಿ ತೋರಿಸುತ್ತದೆ. ಮರಳಿನ ಮೇಲೆ ಬರೆಸುವುದು ಮಿತವ್ಯಯ. ಮರಳಿನ ಮುಂದೆ ಕೂರಿಸಲಾಗದಿರುವುದು ಅಭಾವ.

ಅರ್ಧ ಶತಮಾನದ ನಂತರ ಇದರ ಫಲ ದಖ್ಖನ್ನಿನ ಸಾಲದ ವಹಿಗಳಲ್ಲಿ ಕಂಡಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸುಟ್ಟದ್ದು ಮುಖ್ಯವಾಗಿ ಸಾಲದ ಪತ್ರಗಳನ್ನು. ಓದಲು ಬಾರದ ರೈತ ನೇಗಿಲ ಗುರುತು ಹಾಕಿಕೊಟ್ಟ ಕಾಗದದಲ್ಲಿ ಏನು ಬರೆದಿದೆಯೆಂಬುದು ಬರೆದವನಿಗೇ ಗೊತ್ತು. ಅದರ ಬೆನ್ನಿಗೆ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ರೈತನ ಸಾಲಪತ್ರವನ್ನು ಗ್ರಾಮ ರಿಜಿಸ್ಟ್ರಾರನ ಮುಂದೆ ಬರೆಯಿಸಬೇಕು, ಪಾವತಿಗೆ ರಸೀದಿ ಕೊಡಬೇಕು, ಕೇಳಿದರೆ ಲೆಕ್ಕದ ಪಟ್ಟಿ ಕೊಡಬೇಕು ಎಂದು ಕಾಯ್ದೆ ವಿಧಿಸಿತು. ಹುಡುಗನೊಬ್ಬ ಐಗಳ ಮುಂದೆ ಕೂತು ಕಲಿಯಬಹುದಾಗಿದ್ದುದನ್ನು ವಯಸ್ಸಾದ ರೈತನಿಗೆ ಸರ್ಕಾರ ಕಾನೂನಿನ ಮೂಲಕ ಒದಗಿಸಲು ಹೊರಟಿತ್ತು. ಆ ಪಟ್ಟಿಯನ್ನು ಓದಲು ಬರಬೇಕಲ್ಲ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಬರೆದ ಪಟ್ಟಿ ಕನ್ನಡದ ಮನೆಗೆ ಇನ್ನೂ ಒಂದು ಹೆಜ್ಜೆ ದೂರ.

ಶಾಲೆಯ ಹೊರಗಿನ ಮಕ್ಕಳು ಉಳಿತಾಯವನ್ನು ಕಲಿಯಲಿಲ್ಲವೆಂದಲ್ಲ. ಅವರ ಪಾಠ ನಾಣ್ಯದಲ್ಲಿರದೆ ಕಾಳಿನಲ್ಲಿತ್ತು. ಎರೆಭೂಮಿಯ ಸೀಮೆಯಲ್ಲಿ ಜೋಳವನ್ನು ನೆಲದಡಿಯ ಕುಳಿಯಲ್ಲಿ ಕೂಡಿಡುತ್ತಿದ್ದರು. ಕನ್ನಡದಲ್ಲಿ ಅದು ಹಗೇವು, ತೆಲುಗಿನಲ್ಲಿ ಪಾತರ, ಮರಾಠಿಯಲ್ಲಿ ಪೇವ. ಆದವಾನಿಯಿಂದ ಅಕ್ಕಲಕೋಟೆಯವರೆಗೆ ಹೆಸರು ಬದಲಾದರೂ ಕುಳಿ ಅದೇ. ಬಿತ್ತನೆಯ ಕಾಳನ್ನು ಉಣ್ಣುವ ಕಾಳಿನಿಂದ ಬೇರೆ ಇಡುವುದು, ಆಯಗಾರರ ಪಾಲನ್ನು ಕಣದಲ್ಲೇ ಅಳೆದು ಕೊಡುವುದು, ಉಪ್ಪು–ಬೆಲ್ಲಕ್ಕೆ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಅಂಗಡಿಗೆ ಹೋಗುವುದು – ಹೆಣ್ಣುಮಕ್ಕಳು ಲೆಕ್ಕ ಕಲಿತ ಶಾಲೆ ಬಹುಮಟ್ಟಿಗೆ ಇದೇ. ವಹಿಯಲ್ಲಿ ದಾಖಲಾಗದ ಹೆಂಗಸರ ಉಳಿತಾಯಕ್ಕೆ ಕನ್ನಡ ಕೊಟ್ಟ ಹೆಸರು ಸಾಸಿವೆ ಡಬ್ಬಿ. 1876–78ರ ಬರ ಬಳ್ಳಾರಿಯನ್ನೂ ಸೊಲ್ಲಾಪುರವನ್ನೂ ಹೊಡೆದಾಗ ಈ ಕಾಳಿನ ವಿವೇಕಕ್ಕೂ ಒಂದು ಮಿತಿಯಿದೆಯೆಂಬುದು ಕಂಡಿತು: ಹಗೇವು ತುಂಬಲು ಮೊದಲು ಬೆಳೆ ಬರಬೇಕು. ಧಾನ್ಯ ರೈಲಿನಲ್ಲಿ ಬಂದರೂ ಕೊಳ್ಳಲು ಕೈಯಲ್ಲಿ ಕಾಸು ಬೇಕು.

ಕಾಸರಗೋಡಿನ ಚಿತ್ರ ಇದಕ್ಕಿಂತ ತುಸು ಬೇರೆ. ಮನ್ರೋನ ವಿಚಾರಣೆಗೆ ಕೆನರಾ ಜಿಲ್ಲೆಯಿಂದ ಅಂಕಿಅಂಶಗಳೇ ಹೋಗಲಿಲ್ಲ. ಅಲ್ಲಿ ವಿದ್ಯೆ ಮನೆಗಳೊಳಗೆ ಖಾಸಗಿಯಾಗಿ ನಡೆಯುತ್ತದೆ, ಪಟ್ಟಿ ತುಂಬುವುದರಿಂದ ಪ್ರಯೋಜನವಿಲ್ಲ ಎಂಬ ಸಮಜಾಯಿಷಿ ಹೋಯಿತು. ಆ ಜಿಲ್ಲೆಯ ದಕ್ಷಿಣ ಭಾಗವೇ ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಮಿತವ್ಯಯವನ್ನು ಸಂಸ್ಥೆಯ ರೂಪಕ್ಕೆ ತಂದ ನೆಲವಾಯಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡಿನ ಉದ್ದೇಶಗಳಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದೂ ಒಂದಾಗಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಆರಂಭಿಸಬಹುದಾದ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟನು ಮನೆಬಾಗಿಲಿಗೆ ಬಂದು ಹಣ ಪಡೆದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ಬಡ್ಡಿ ಬಿಟ್ಟು ನಲವತ್ತೈದು ರೂಪಾಯಿ ಹತ್ತಾಣೆ. ಈ ಲೆಕ್ಕವನ್ನು ಮನೆಯ ಮಗುವೂ ಮಾಡಬಹುದಿತ್ತು. ಮಣ್ಣಿನ ಹುಂಡಿಗೂ ಇದಕ್ಕೂ ಇದ್ದ ಅಂತರವೆಂದರೆ ಪುಸ್ತಕ: ಕೂಡಿದ್ದು ಎಷ್ಟೆಂದು ತಿಳಿಯಲು ಒಡೆಯಬೇಕಿರಲಿಲ್ಲ. ಈಗ ‘ಪಿಗ್ಮಿ’ ಎಂಬುದು ಯಾವುದೇ ಸಹಕಾರ ಸಂಘದ ದೈನಂದಿನ ಉಳಿತಾಯಕ್ಕೆ ಸಲ್ಲುವ ಕನ್ನಡ ಪದವಾಗಿಬಿಟ್ಟಿದೆ. ಅದರ ಇಂಗ್ಲಿಷ್ ಅರ್ಥವನ್ನು ಯಾರೂ ಕೇಳುವುದಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ಆಚೆಗೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಸರಿಯಾಗಿ ಐದು ತಿಂಗಳ ನಂತರ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು ನಯಾಪೈಸೆ ಬಂತು. ಗಡಿನಾಡಿನ ಶಾಲಾ ಮಗುವಿಗೆ ಸರ್ಕಾರದ ಭಾಷೆಯೂ ಅಂಗಡಿಯ ಲೆಕ್ಕವೂ ಹೀಗೆ ಅಕ್ಕಪಕ್ಕದಲ್ಲೇ ಬದಲಾದವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಏಕೀಕರಣದ ಚರಿತ್ರೆಗಳಲ್ಲಿಲ್ಲ. ಹೊಸ ಲೆಕ್ಕದಲ್ಲಿ ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಪರಿವರ್ತನೆಯ ಕೋಷ್ಟಕ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಹೇಳಿತು. ಒಂದೊಂದೇ ಆಣೆಯಂತೆ ನಾಲ್ಕು ಬಾರಿ ಕೊಟ್ಟರೆ ಇಪ್ಪತ್ತನಾಲ್ಕು, ಒಟ್ಟಿಗೆ ಕೊಟ್ಟರೆ ಇಪ್ಪತ್ತೈದು. ಚಿಲ್ಲರೆಯಾಗಿ ಕೊಳ್ಳುವವನಿಗೂ ಸಗಟಾಗಿ ಕೊಳ್ಳುವವನಿಗೂ ಹಣದ ಬೆಲೆ ಒಂದೇ ಅಲ್ಲವೆಂಬುದನ್ನು ಸರ್ಕಾರಿ ಕೋಷ್ಟಕವೇ ಮಕ್ಕಳಿಗೆ ಕಲಿಸಿತು.

ನಾಲ್ಕರ ಮೆಟ್ಟಿಲು ಅಲ್ಲಿಗೆ ಶಾಲೆಯಿಂದ ಹೊರಬಿತ್ತು. ವೀಸ, ಕಾಣಿಗಳು ನಿಘಂಟಿಗೆ ಸರಿದವು. ಕಾಲುಮಗ್ಗಿ ಅಜ್ಜಂದಿರ ಬಾಯಲ್ಲಿ ಕೆಲವು ಕಾಲ ಉಳಿಯಿತು. 1964ರಲ್ಲಿ ನಯಾಪೈಸೆಯ ‘ನಯಾ’ ಬಿದ್ದಿತು. ಹಳೆಯ ಕಾಲುರೂಪಾಯಿಯ ಜಾಗದಲ್ಲಿ ನಿಂತಿದ್ದ ಇಪ್ಪತ್ತೈದು ಪೈಸೆ ಮಾತ್ರ, ಜನರ ಬಾಯಲ್ಲಿ ಕೊನೆಯವರೆಗೂ ನಾಲ್ಕಾಣೆಯಾಗಿಯೇ ಬಾಳಿ, 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡಿತು.